ನೀರಿನ ತೂಕ

ಪಿಕಪ್ ಗಾಡಿಗೆ ಅರವತ್ತೊಂಬತ್ತು ಸಾವಿರ ಡಾಲರು. ಅದರ ಬೆನ್ನ ಮೇಲೆ ಕೂರಿಸುವ, ಮಾಡು ಎತ್ತಿದರೆ ಮನೆಯಾಗುವ ಕ್ಯಾಂಪರಿಗೆ ಮೂವತ್ತೆರಡು ಸಾವಿರ. ಸೋಲಾರು, ಬ್ಯಾಟರಿ, ಹೀಟರು, ಪಕ್ಕಕ್ಕೆ ಬಿಚ್ಚಿಕೊಳ್ಳುವ ನೆರಳಿನ ಬಟ್ಟೆ, ಹೊರಗೆ ನಿಂತು ಸ್ನಾನ ಮಾಡಲು ಷವರು ಸೇರಿ ಒಂಬತ್ತು ಸಾವಿರ. ಇಷ್ಟೂ ನನ್ನ ಅಳಿಯ ನಯೀಮನ ಖರ್ಚು.

ನನ್ನದನ್ನೂ ಹೇಳಿಬಿಡುತ್ತೇನೆ. ಪಿಕಪ್ಪಿಗೆ ಇಪ್ಪತ್ತು ವರ್ಷ ದಾಟಿದೆ, ಅದರ ಸಾಲ ತೀರಿ ಯಾವ ಕಾಲವೋ ಆಯಿತು. ಹಿಂದಿನ ತೊಟ್ಟಿಗೆ ಮುಚ್ಚುವ ಫೈಬರ್ ಟೋಪಿ, ಯಾರೋ ಬಳಸಿ ಬಿಟ್ಟದ್ದು, ನಾನೂರು ಡಾಲರು. ಒಳಗೆ ಮಲಗಲು ಪ್ಲೈವುಡ್ ಹಲಗೆ, ಅರವತ್ತು. ಹಲಗೆಯ ಮೇಲೆ ನನ್ನ ಹೆಂಡತಿ ಖತೀಜಾಳ ಹಳೆಯ ಗಾದಿ, ಪುಕ್ಕಟೆ. ಇನ್ನು ಜಿಂಕೆಯ ಪರವಾನಗಿ ಚೀಟಿಗೆ ನಲವತ್ತು ಚಿಲ್ಲರೆ ಡಾಲರು ಮತ್ತು ಒಂಬತ್ತು ವರ್ಷ.

ಒಂಬತ್ತು ವರ್ಷ ಏಕೆಂದರೆ, ಕ್ಯಾಲಿಫೋರ್ನಿಯಾದ ಈಶಾನ್ಯ ಮೂಲೆಯ ಕಾಡಿನಲ್ಲಿ ಗಂಡು ಜಿಂಕೆ ಹೊಡೆಯುವ ಚೀಟಿ ಕೇಳಿದವರಿಗೆಲ್ಲ ಸಿಗುವುದಿಲ್ಲ. ಈವರೆಗೆ ನಾನು ಹೊಡೆದದ್ದೆಲ್ಲ ಚೀಟಿ ಸುಲಭವಾಗಿ ಸಿಗುವ ಬೇರೆ ಕಾಡುಗಳಲ್ಲಿ. ವರ್ಷವೂ ಅರ್ಜಿ ಹಾಕಬೇಕು. ಸಿಗದ ವರ್ಷಕ್ಕೆ ಒಂದು ಪಾಯಿಂಟು ಕೊಡುತ್ತಾರೆ, ಪಾಯಿಂಟು ಹೆಚ್ಚಿದ್ದವರಿಗೆ ಮೊದಲ ಸರದಿ. ಚೀಟಿ ಸಿಕ್ಕ ದಿನ ಪಾಯಿಂಟೆಲ್ಲ ಸೊನ್ನೆ. ನನಗೆ ಈ ಜೂನಿನಲ್ಲಿ ಸಿಕ್ಕಿತು. ಬೇಟೆ ಶುರುವಾಗುವುದು ಅಕ್ಟೋಬರಿನ ಮೊದಲ ಶನಿವಾರ. ಅದರ ಮುಂದಿನ ಗುರುವಾರ ನನ್ನ ಎಡ ಮೊಣಕಾಲಿನ ಆಪರೇಷನ್ನು. ಬಲಗಾಲಿನದು ಅದು ವಾಸಿಯಾದ ಮೇಲೆ. ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು, ಆಮೇಲೆ ಗುಡ್ಡ ಹತ್ತುವ ಮಾತು ಬೇಡ ಎಂದು. ಹಾಗಾಗಿ ನನಗಿದ್ದದ್ದು ಆ ನಾಲ್ಕೈದು ದಿನ. ಖತೀಜಾ ಗ್ಯಾರೇಜಿನ ದೊಡ್ಡ ಫ್ರೀಜರನ್ನು ಆಗಸ್ಟಿನಲ್ಲೇ ಖಾಲಿ ಮಾಡಿ ಒರೆಸಿಟ್ಟಿದ್ದಳು.

ನನಗೆ ಹೇವರ್ಡಿನಲ್ಲಿ ಒಂದು ಅಂಗಡಿಯಿದೆ. ಗೋದಾಮುಗಳಿಗೆ ಸಾಮಾನು ಹೊರುವ ಟ್ರಕ್ಕುಗಳ ಕಮಾನು ಪಟ್ಟಿ ಕೂರಿಸುವ ಕೆಲಸ. ಹಿಂದಿನ ಚಕ್ರದ ಮೇಲೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಭಾರವೆಲ್ಲ ಅವುಗಳ ಮೇಲೆ. ಹುಬ್ಬಳ್ಳಿಯಲ್ಲಿ ಹತ್ತು ವರ್ಷ, ಇಲ್ಲಿ ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿದ್ದೇನೆ. ಗಾಡಿ ಎಷ್ಟು ಹೊತ್ತಿದೆ ಎನ್ನುವುದನ್ನು ಅದರ ಹಿಂಭಾಗ ನೋಡಿ ಹೇಳಬಲ್ಲೆ. ನಯೀಮ್ ಪ್ಲೆಸೆಂಟನ್ನಿನಲ್ಲಿ ಸಾಫ್ಟ್‌ವೇರಿನವನು. ಗಾಡಿ ಎಷ್ಟು ಹೊತ್ತಿದೆ ಎನ್ನುವುದನ್ನು ಅವನಿಗೆ ಇಂಟರ್ನೆಟ್ಟು ಹೇಳುತ್ತದೆ.

ಮನೆಯಲ್ಲಿ ನಮ್ಮದು ದಖನಿ. ಆದರೆ ವಾದಕ್ಕೆ ಕೂತರೆ ಮಾವ ಅಳಿಯ ಇಬ್ಬರಿಗೂ ಕನ್ನಡವೇ ಸಲೀಸು. ಅವನದು ಬೆಂಗಳೂರಿನ ಶಿವಾಜಿನಗರದ ಕನ್ನಡ, ನನ್ನದು ಹುಬ್ಬಳ್ಳಿಯದು.

"ಮಾಮೂ, ಈ ಸಲ ನಿಮ್ಮ ಡಬ್ಬಾ ಗಾಡಿ ಬೇಡ. ನಾನು ಪ್ರಾಪರ್ ಸೆಟಪ್ಪು ಮಾಡ್ತಾ ಇದೀನಿ" ಎಂದ ಜುಲೈನಲ್ಲಿ.

"ಆ ಡಬ್ಬಾ ಹನ್ನೊಂದು ಜಿಂಕಿ ಹೊತ್ತು ತಂದೈತಿ, ನಯೀಮ್ ಮಿಯಾ. ನಿಂದು ಎಷ್ಟು ತಂದೈತಿ?"

"ಇನ್ನೂ ಡೆಲಿವರಿನೇ ಆಗಿಲ್ಲ ಮಾಮೂ!"

ಅವನು ಮೂರು ತಿಂಗಳು ಸಂಜೆಯೆಲ್ಲ ಕೂತು ಒಂದು ಎಕ್ಸೆಲ್ ಶೀಟು ಮಾಡಿದ್ದ. ನಲವತ್ತಮೂರು ಸಾಲು. ಯಾವ ಗಾಡಿಯ ಸೀಟು ಹೇಗೆ, ಯಾವ ಕ್ಯಾಂಪರಿನ ಹಾಸಿಗೆ ಎಷ್ಟು ಇಂಚು, ಯಾವ ಷವರಿಗೆ ಎಷ್ಟು ಸ್ಟಾರು. ಕಾಫಿ ಲೋಟ ಇಡುವ ತೂತಿಗೂ ಒಂದು ಸಾಲು. ಒಂದು ಭಾನುವಾರ ಊಟ ಮುಗಿದ ಮೇಲೆ ಅದನ್ನು ಗೋಡೆಯ ದೊಡ್ಡ ಟಿವಿಯ ಮೇಲೆ ಹಾಕಿ, ಆಫೀಸಿನ ಮೀಟಿಂಗಿನಲ್ಲಿ ಮಾಡುವ ಹಾಗೆ ನಿಂತುಕೊಂಡು ನನಗೂ ಖತೀಜಾಳಿಗೂ ವಿವರಿಸಿದ. ನಾನು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದೆ.

"ನೀರು ಎಲ್ಲೈತಿ ಇದರಾಗ?"

"ಟ್ಯಾಂಕ್ ಇದೆಯಲ್ಲ ಮಾಮೂ, ಹದಿನೇಳನೇ ಸಾಲು. ಮೂವತ್ತು ಗ್ಯಾಲನ್ನಿಂದು."

"ಟ್ಯಾಂಕ್ ಐತಿ. ಒಳಗಿನ ನೀರು?"

"ನೀರು ಫ್ರೀ ಅಲ್ವಾ?"

"ಮತ್ತ ನಾನು, ನೀನು?"

"ನಮಗೇನು ಕಾಸ್ಟು ಮಾಮೂ?"

ಆಗ ನನಗೆ ಅರ್ಥವಾಯಿತು. ದುಡ್ಡು ಕೊಟ್ಟ ವಸ್ತುವಿಗೆ ಮಾತ್ರ ಅಲ್ಲಿ ಸಾಲಿತ್ತು, ತೂಕಕ್ಕೂ ಆ ಸಾಲುಗಳನ್ನೇ ಕೂಡಿದ್ದ. ಪುಕ್ಕಟೆಯಾಗಿ ಹತ್ತಿ ಕೂರುವ ನೀರಿಗೆ, ಅಕ್ಕಿಚೀಲಕ್ಕೆ, ಎರಡು ಹೊಟ್ಟೆಗಳಿಗೆ ತೂಕವೇ ಇರಲಿಲ್ಲ. ಬರ್ಕ್ಲಿಯಲ್ಲಿ ಎರಡು ಡಿಗ್ರಿ ಮಾಡಿದವನು ಇವನು.

ಬಾಯಿ ತೆರೆಯುವಷ್ಟರಲ್ಲಿ ಮಗಳು ಲುಬ್ನಾ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅಬ್ಬಾ, ಪ್ಲೀಸ್, ಸುಮ್ನಿರಿ. ಎಷ್ಟು ಖುಷಿಯಾಗಿದಾರೆ ನೋಡಿ. ಮೊದಲ ಸಲ ಲ್ಯಾಪ್‌ಟಾಪ್ ಬಿಟ್ಟು ಏನೋ ಮಾಡ್ತಾ ಇದಾರೆ."

"ಇದನ್ನೂ ಲ್ಯಾಪ್‌ಟಾಪಿನಾಗ ಮಾಡ್ಯಾನಲ್ಲವ್ವ."

"ಅಬ್ಬಾ!"

ಸುಮ್ಮನಾದೆ. ಸುಮ್ಮನಾದದ್ದು ಮಗಳ ಮಾತಿಗೆ ಎಂದು ಆಮೇಲೆ ಖತೀಜಾಳಿಗೆ ಹೇಳಿದೆ. ಅದು ಅರ್ಧ ನಿಜ. ಗಾಡಿ ಮನೆಗೆ ಬಂದ ದಿನ ನಯೀಮ್ ನನ್ನನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸಿದ್ದ. ಸೀಟು ತಾನಾಗಿಯೇ ಬೆಚ್ಚಗಾಗುತ್ತದೆ. ಅರವತ್ತೊಂದು ವರ್ಷದ ಸೊಂಟಕ್ಕೆ ಆ ಬಿಸಿ ತಾಗಿದರೆ ಮನುಷ್ಯನ ಬುದ್ಧಿ ಸ್ವಲ್ಪ ಕರಗುತ್ತದೆ. ನನ್ನ ಡಬ್ಬಾವನ್ನು ಹೇಗೂ ಒಯ್ಯುವುದಿಲ್ಲವಲ್ಲ ಎಂದು, ಬ್ರೇಕ್ ಕೆಲಸಕ್ಕೆ ನಾಲ್ಕೂ ಚಕ್ರ ಬಿಚ್ಚಿ ಅಂಗಡಿಯಲ್ಲಿ ನಿಲ್ಲಿಸಿದೆ.

ಶುಕ್ರವಾರ ಬೆಳಿಗ್ಗೆ ಹೊರಟೆವು. ಗಾಡಿಯ ಹಿಂಭಾಗ ಕೂತ ಎಮ್ಮೆಯ ಹಾಗೆ ನೆಲಕ್ಕೆ ಹತ್ತಿತ್ತು, ಮೂತಿ ಆಕಾಶ ನೋಡುತ್ತಿತ್ತು. ಸ್ಯಾಕ್ರಮೆಂಟೊ ದಾಟಿದ ಮೇಲೆ ಫ್ರೀವೇ ಪಕ್ಕದ ಟ್ರಕ್ ಸ್ಟಾಪಿನಲ್ಲಿ ನಾನು ಹಟ ಹಿಡಿದು ತೂಕದ ಕಟ್ಟೆಯ ಮೇಲೆ ನಿಲ್ಲಿಸಿದೆ. ತೂಕದ ಚೀಟಿ ಬಂತು. ಡ್ರೈವರ್ ಬಾಗಿಲಿನ ಒಳ ಅಂಚಿನಲ್ಲಿ ಈ ಗಾಡಿ ಎಷ್ಟು ಹೊರಬಹುದು ಎಂದು ಬರೆದ ಸ್ಟಿಕರು ಇರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿದೆ. ಸಾವಿರದ ನೂರು ಪೌಂಡು ಜಾಸ್ತಿ. ಐದು ಕ್ವಿಂಟಲ್ ಜೋಳ.

"ಆ ನಂಬರ್ ಸುಮ್ನೆ ಲಾಯರ್‌ಗಳಿಗೆ ಹಾಕೋದು ಮಾಮೂ. ಮಾರ್ಜಿನ್ ಇಟ್ಟಿರ್ತಾರೆ."

ಆದರೂ ಅವನ ಮುಖ ಸ್ವಲ್ಪ ಇಳಿಯಿತು. ಚೀಟಿಯ ಫೋಟೋ ತೆಗೆದು ಫೋನಿನ ಯಾವುದೋ ಗುಂಪಿಗೆ ಹಾಕಿದ. ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ ಮುಖ ಮತ್ತೆ ಅರಳಿತು.

"ಹದಿನಾಲ್ಕು ಜನ ಏನೂ ಆಗಲ್ಲ ಅಂದಿದಾರೆ!"

"ಅವರು ಗಾಡಿಯಾಗ ಕುಂತಾರೇನು?"

"ಒಬ್ಬ ಇಪ್ಪತ್ತು ಸಾವಿರ ಮೈಲಿ ಹೀಗೇ ಓಡಿಸಿದಾನಂತೆ."

"ಅಂತೆ."

ಮೂವತ್ತೆಂಟು ವರ್ಷ ಇದೇ ಕೆಲಸ ಮಾಡಿದವನು ಪಕ್ಕದ ಸೀಟಿನಲ್ಲಿ ಕೂತಿದ್ದೇನೆ. ಇವನು ನಂಬಿದ್ದು ಮುಖ ಕಾಣದ ಹದಿನಾಲ್ಕು ಜನರನ್ನು. ಕೊನೆಗೆ ಒಂದು ಮಾತು ಹೇಳಿದೆ: "ನೀರರ ಚೆಲ್ಲು. ಇನ್ನೂರೈವತ್ತು ಪೌಂಡು ಇಳೀತೈತಿ. ಮುಂದಿನ ಊರಾಗ ಎರಡು ಕ್ಯಾನು ತಗೊಳ್ಳೂಣು."

"ಫಿಲ್ಟರ್ಡ್ ನೀರು ಮಾಮೂ! ಲುಬ್ನಾ ಎರಡು ದಿನ ತುಂಬಿಸಿದಾಳೆ!"

ಕೀಲಿ ಅವನ ಕೈಯಲ್ಲಿತ್ತು. ಸೀಟು ಬೆಚ್ಚಗಿತ್ತು. ಹತ್ತಿ ಕೂತೆ.

ಡಾಂಬರು ಮುಗಿದು ಕಾಡಿನ ಮಣ್ಣುರಸ್ತೆ ಶುರುವಾಗುವಾಗ ಮಧ್ಯಾಹ್ನ ಮೂರು ಗಂಟೆ. ನಾನು ಗುರುತಿಟ್ಟಿದ್ದ ಜಾಗ ಇನ್ನು ಇಪ್ಪತ್ತೆರಡು ಮೈಲಿ. ನಾಲ್ಕು ಮೈಲಿ ಹೋಗಿರಬೇಕು. ಒಂದು ತಗ್ಗು ಇಳಿದು ಏಳುವಾಗ ಹಿಂದಿನಿಂದ 'ಠಣ್' ಎಂದಿತು. ಗಾಡಿ ಎಡಕ್ಕೆ ವಾಲಿತು. ಟೈರು ತಗಡಿಗೆ ಉಜ್ಜಿ ಕರಕಲು ವಾಸನೆ ಬಂತು.

"ಕಲ್ಲು ತಾಗಿರ್ಬೇಕು" ಎಂದ.

"ಕಲ್ಲಲ್ಲ" ಎಂದೆ. ಆ ಸದ್ದನ್ನು ನಿದ್ದೆಯಲ್ಲೂ ಗುರುತು ಹಿಡಿಯುತ್ತೇನೆ. ಇಳಿದು ಬಗ್ಗಿ ನೋಡಿದೆ. ಕಮಾನಿನ ಮುಖ್ಯ ಪಟ್ಟಿ, ನಾವು ತಾಯಿಪಟ್ಟಿ ಅನ್ನುವುದು, ಎರಡು ತುಂಡು.

ಎಳೆದೊಯ್ಯುವ ಗಾಡಿ ಬರಲು ಐದು ತಾಸು, ಅದರ ಬಿಲ್ಲು ಸಾವಿರದ ನಾನೂರು ಡಾಲರು. ಅದು ನಮ್ಮನ್ನು ತಂದು ಬಿಟ್ಟ ಸಣ್ಣ ಊರಿನಲ್ಲಿ ಒಂದೇ ಗ್ಯಾರೇಜು. ಬೆಳಿಗ್ಗೆ ಅದರ ಯಜಮಾನ, ನನ್ನದೇ ವಯಸ್ಸಿನ ಬಿಳಿಯ, ಮುರಿದ ಪಟ್ಟಿ ನೋಡಿದ, ಮೇಲಿನ ಕ್ಯಾಂಪರು ನೋಡಿದ, ಆಮೇಲೆ ನಯೀಮನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದ: ಒಳಗೆ ನೀರೆಷ್ಟಿದೆ?

ನಯೀಮ್ ನನ್ನ ಮುಖ ನೋಡಿದ. ನಾನು ಗುಡ್ಡ ನೋಡಿದೆ.

ಪಟ್ಟಿ ದೂರದಿಂದ ಬರಬೇಕು, ಮಂಗಳವಾರಕ್ಕೆ ಮೊದಲು ಆಗುವುದಿಲ್ಲ ಎಂದ ಯಜಮಾನ. ಬಾಡಿಗೆ ಗಾಡಿ ಕೇಳಿದೆವು, ಆ ಊರಿನಲ್ಲಿ ಇಲ್ಲ. ನನ್ನ ಅಂಗಡಿಯಲ್ಲಿ ಕೆಲಸಕ್ಕಿರುವ ರಮೇಶನಿಗೆ ಫೋನು ಮಾಡಿ ನನ್ನ ಡಬ್ಬಾ ತರಲು ಹೇಳೋಣವೆಂದರೆ, ಅದರ ಬ್ರೇಕಿನ ಸಾಮಾನು ಸೋಮವಾರ ಬರುವುದು. ಬಿಚ್ಚಿದವನು ನಾನೇ.

ಹೀಗೆ ಒಂಬತ್ತು ವರ್ಷ ಕಾದ ಶನಿವಾರವನ್ನು ಗ್ಯಾರೇಜಿನ ಹಿತ್ತಲಲ್ಲಿ ಕಳೆದೆ. ಕ್ಯಾಂಪರಿನಲ್ಲಿ ಎಲ್ಲವೂ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಹೀಟರು ಕೆಲಸ ಮಾಡಿತು. ಹಾಸಿಗೆ ಮೆತ್ತಗಿತ್ತು. ಕಾಫಿ ಲೋಟ ತೂತಿನಲ್ಲಿ ಸರಿಯಾಗಿ ಕೂತಿತು. ಭಾನುವಾರ ಬೆಳಿಗ್ಗೆ ನಯೀಮ್ ಪಿಸುಗುಟ್ಟಿದ: "ಮಾಮೂ! ಜಿಂಕೆ!"

ಕಿಟಕಿಯಿಂದ ನೋಡಿದೆ. ರಸ್ತೆಯಾಚೆಯ ಮನೆಯ ಅಂಗಳದಲ್ಲಿ ಮೂರು ಜಿಂಕೆ ಗುಲಾಬಿ ಗಿಡ ಮೇಯುತ್ತಿದ್ದವು. ಒಂದಕ್ಕೆ ಒಳ್ಳೆಯ ಕೊಂಬು. ಅದು ಎಲೆ ಅಗಿಯುತ್ತ ನಮ್ಮ ಲಕ್ಷ ರೂಪಾಯಿ ಅಲ್ಲ, ಲಕ್ಷ ಡಾಲರಿನ ಗಾಡಿಯನ್ನು ನೋಡಿತು.

"ಬಂದೂಕು ತೆಗೀಲಾ?"

"ತಗಿ. ಊರೊಳಗ ಗುಂಡು ಹಾರಿಸಿ ಜೇಲಿಗೆ ಹೋಗೂಣು. ಅಲ್ಲೆ ನೀರೂ ಫ್ರೀ."

ಅವನು ಬಾಗಿಲು ತೆರೆದು ಇಳಿದು ಹೋದ. ಸ್ವಲ್ಪ ಹೊತ್ತಾದ ಮೇಲೆ ಹೊರಗಿನಿಂದ ನೀರು ಸುರಿಯುವ ಸದ್ದು ಬಂತು. ಹೋಗಿ ನೋಡಿದರೆ ಟ್ಯಾಂಕಿನ ಕೆಳಗಿನ ನಲ್ಲಿ ಬಿಚ್ಚಿ ಕುಕ್ಕರುಗಾಲಲ್ಲಿ ಕೂತಿದ್ದ. ಫಿಲ್ಟರ್ ಮಾಡಿದ ನೀರು ಗ್ಯಾರೇಜಿನ ಮಣ್ಣಿನಲ್ಲಿ ಕಾಲುವೆ ಮಾಡಿಕೊಂಡು ಹರಿಯುತ್ತಿತ್ತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

"ಇಷ್ಟೊಂದು ಇತ್ತಾ ಮಾಮೂ?"

"ಇತ್ತು."

"ಸಾರಿ ಮಾಮೂ. ನಿಮ್ಮ ಒಂಬತ್ತು ವರ್ಷ..."

ಬೈಯಲು ಎರಡು ದಿನದಿಂದ ಮಾತು ಜೋಡಿಸಿಟ್ಟಿದ್ದೆ. ಅವನ ಪ್ಯಾಂಟು ಮೊಣಕಾಲಿನವರೆಗೆ ಕೆಸರಾಗಿತ್ತು. "ಏಳು, ಥಂಡಿ ಆದೀತು" ಎಂದೆ. "ತಪ್ಪು ನಂದೂ ಐತಿ. ತೂಕದ ಚೀಟಿ ನೋಡಿದ ಮ್ಯಾಲೂ ಹತ್ತಿ ಕುಂತೆ. ಸೀಟು ಬೆಚ್ಚಗಿತ್ತು."

ಮಂಗಳವಾರ ಪಟ್ಟಿ ಬಂತು. ಯಜಮಾನನಿಗೆ ಸೊಂಟನೋವು, ನಾನೇ ಕೈ ಜೋಡಿಸಿ ಕೂರಿಸಿದೆ. ಸಂಜೆ ಮನೆಗೆ ಹೊರಟೆವು. ಗುರುವಾರ ನನ್ನ ಆಪರೇಷನ್ ಆಯಿತು.

ನಯೀಮ್ ಡಿಸೆಂಬರಿನಲ್ಲಿ ಕ್ಯಾಂಪರು ಮಾರಿದ. ಹನ್ನೆರಡು ಸಾವಿರ ಡಾಲರು ಹೋಯಿತು. ನನ್ನ ಪಾಯಿಂಟು ಸೊನ್ನೆ, ಬಂದೂಕು ಪೆಟ್ಟಿಗೆಯಿಂದ ಹೊರಬರಲಿಲ್ಲ, ಜಿಂಕೆಯ ಚೀಟಿ ಬಳಕೆಯಾಗದೆ ಹಾಗೇ ಉಳಿಯಿತು. ಖತೀಜಾಳ ಫ್ರೀಜರಿನಲ್ಲಿ ಈಗ ಅಂಗಡಿಯ ಕೋಳಿ ತುಂಬಿದೆ. ಬಂದದ್ದು ಇಷ್ಟು: ನಯೀಮನ ಶೀಟಿನಲ್ಲಿ ಈಗ ನಲವತ್ತಾರು ಸಾಲುಗಳಿವೆ. ಹೊಸ ಮೂರರಲ್ಲಿ ಒಂದು ನೀರು, ಒಂದು ಅವನು, ಒಂದು ನಾನು.