ಅಡುಗೆಮನೆಯಲ್ಲಿ ಮಲಗುವ ಕೇಲ್

ಒಂದು ವರ್ಷದಿಂದೀಚೆಗೆ ಅವಳು ಕೂತಿದ್ದನ್ನು ಕಂಡವರಿಲ್ಲ. ಹಾಸ್ಟೆಲಿನ ಇನ್ನೂರು ಹುಡುಗಿಯರಿಗೆ ಅಡುಗೆ ಮಾಡುವ ಹೆಂಗಸು, ತನ್ನ ಊಟವನ್ನೂ ಒಲೆಯ ಮುಂದೆ ನಿಂತೇ ಮುಗಿಸುತ್ತಿದ್ದಳು. ತರಕಾರಿ ಹೆಚ್ಚುವವರು ಬುಗುರಿಯಮ್ಮ ಅಂತ ಹೆಸರಿಟ್ಟರು. ಅದು ಅವಳಿಗೂ ಗೊತ್ತಿತ್ತು, ಕೋಪ ಮಾಡಿಕೊಳ್ಳುವುದಕ್ಕೆ ಪುರುಸೊತ್ತಿರಲಿಲ್ಲ.

ಮನೆಯಲ್ಲೂ ಅದೇ ಪಾಡು. ಸೊಸೆ ಶಾಲೆಯಲ್ಲಿ ಡ್ರಾಯಿಂಗ್ ಟೀಚರು, ಈಗ ಬಸುರಿ. ಹೋದ ವರ್ಷ ಐದನೇ ತಿಂಗಳಲ್ಲಿ ಮಗು ಕೈತಪ್ಪಿತ್ತು. ಈ ಸಲ ಹಾಸಿಗೆ ಬಿಟ್ಟು ಏಳಕೂಡದು ಅಂತ ಡಾಕ್ಟರಮ್ಮ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು. ಲಾರಿ ಓಡಿಸುವ ಮಗ ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಉಳಿದದ್ದೆಲ್ಲ ಬುಗುರಿಯಮ್ಮನ ತಲೆಯ ಮೇಲೆ.

ನಾಲ್ಕನೇ ತಿಂಗಳಲ್ಲಿ, ಮಲಗಿದಲ್ಲೇ, ಸೊಸೆ ಒಂದು ತಟ್ಟೆಯಲ್ಲಿ ಅಲಂಕಾರದ ಕೇಲ್ ಬೀಜ ಬಿತ್ತಿದಳು. ಕೇಲ್ ಅಂದರೆ ಎಲೆಕೋಸಿನ ದಾಯಾದಿ. ಕೋಸಿನ ಹಾಗೆ ಗಡ್ಡೆ ಕಟ್ಟುವುದಿಲ್ಲ, ಅಗಲವಾಗಿ ಅರಳಿ ಕೂರುತ್ತದೆ. ಅಂಚಿನಲ್ಲಿ ನೆರಿಗೆ, ಕಾಲ ಬಂದಾಗ ನಡುವೆ ನೇರಳೆ ಬಣ್ಣ. ಬರೀ ನೋಡುವುದಕ್ಕೆ ಕೋಸು ಬೆಳೆಸುವವರೂ ಇದ್ದಾರಲ್ಲ ಅಂತ ಅಡುಗೆಯವಳಿಗೆ ಒಳಗೊಳಗೇ ನಗು.

"ಇವು ಬಣ್ಣ ಏರೋ ಹೊತ್ತಿಗೆ ನಂಗೆ ಏಳು ತುಂಬಿರತ್ತೆ ಅತ್ತೆ," ಅಂದಳು ಸೊಸೆ. "ಆಮೇಲೆ ಅಷ್ಟು ಭಯ ಇಲ್ವಂತೆ."

ಅಷ್ಟು ಸಾಕಾಯಿತು. ನಗು ಅಲ್ಲಿಗೇ ನಿಂತಿತು. ಸಸಿಗಳು ನಾಲ್ಕೆಲೆ ಬಿಟ್ಟಾಗ ಬುಗುರಿಯಮ್ಮ ಅವನ್ನು ಏಳು ಕುಂಡಗಳಿಗೆ ಬದಲಾಯಿಸಿ, ಸೊಸೆಯ ಕಿಟಕಿಯಾಚೆ ಸಾಲಾಗಿಟ್ಟಳು. ಬೆಳಿಗ್ಗೆ ಎದ್ದವಳೇ ಎಲೆಗಳನ್ನು ಮಗುಚಿ ಹಸಿರು ಹುಳು ಆರಿಸುವಳು. ನೀರನ್ನು ಎಲೆಗೆ ತಾಗಿಸದೆ ಬುಡಕ್ಕೆ ಹಾಕುವಳು. ಹಾಸ್ಟೆಲಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಮತ್ತೊಮ್ಮೆ ಎಣಿಸುವಳು, ಏಳೂ ಇವೆಯೇ ಅಂತ. ಯಾರು ಕದಿಯುತ್ತಾರೆ ಕೋಸನ್ನು? ಆದರೂ ಎಣಿಸುವಳು.

ಚಳಿ ಶುರುವಾದಾಗ ಅವಳ ಜೀವ ತಡೆಯಲಿಲ್ಲ. ಕತ್ತಲಾಗುತ್ತಲೇ ಸೊಸೆಯ ಕಿಟಕಿಯ ಪರದೆ ಎಳೆದು, ಏಳು ಕುಂಡಗಳನ್ನೂ ಒಂದೊಂದಾಗಿ ಎತ್ತಿ ಅಡುಗೆಮನೆಯಲ್ಲಿ ಬೆಚ್ಚಗೆ ಒಲೆಯ ಪಕ್ಕ ಇಡುತ್ತಿದ್ದಳು. ಬೆಳಗಾಗುವ ಮೊದಲೇ ಮತ್ತೆ ಹೊರಗೆ. ಸೊಂಟ ಬಿದ್ದುಹೋಗುತ್ತಿತ್ತು. ತುಟಿ ಪಿಟಕ್ಕೆನ್ನಲಿಲ್ಲ.

ಏಳು ತುಂಬುತ್ತ ಬಂತು. ಕೇಲ್ ಮಾತ್ರ ಹಸಿರೆಂದರೆ ಹಸಿರು. ಸೊಸೆ ದಿನವಿಡೀ ಅದನ್ನೇ ನೋಡುತ್ತಿದ್ದಳು. ಊಟ ಅರ್ಧಕ್ಕೆ ಬಂತು, ಮಾತು ಕಾಲುಭಾಗಕ್ಕೆ.

"ಈ ಸಲಾನೂ ಹಾಗೇನೇ ಅನ್ಸತ್ತೆ," ಅಂದಳು ಒಂದು ದಿನ, ಗೋಡೆಯ ಕಡೆ ತಿರುಗಿ.

ಹಾಸ್ಟೆಲಿನಲ್ಲಿ ಅವತ್ತು ಸಾರಿಗೆ ಎರಡು ಸಲ ಉಪ್ಪು ಬಿತ್ತು. ಸಂಜೆ ಬರುವಾಗ ಬುಗುರಿಯಮ್ಮನ ಚೀಲದಲ್ಲಿ ನಾಲ್ಕು ಬೀಟ್‌ರೂಟ್ ಇದ್ದವು.

ಮರುದಿನ ನಸುಕಿನಲ್ಲೇ ಬೀಟ್‌ರೂಟ್ ತುರಿದು ಹಿಂಡಿ, ರಸವನ್ನು ಕುದಿಸಿ ಗಟ್ಟಿ ಮಾಡಿದಳು. ಕೇಲ್ ಎಲೆಗೆ ಮೇಣ ಸವರಿದಂಥ ಮೈ, ರಸ ಮಣಿಮಣಿಯಾಗಿ ಜಾರಿತು. ಬಿಡುವ ಆಸಾಮಿಯೇ ಇವಳು? ಚೂರು ಮೈದಾ ಕಲಸಿ ಬಟ್ಟೆಯಲ್ಲಿ ಅದ್ದಿ ಏಳಕ್ಕೂ ಬಳಿದಳು. ದೂರದಿಂದ ನೋಡಿದರೆ ಚೆನ್ನಾಗಿಯೇ ಇತ್ತು. ಕುಂಡಗಳನ್ನು ಹೊರಗಿಟ್ಟು ಪರದೆ ಸರಿಸಿದಳು.

"ನೋಡು, ಬಂತು ಬಣ್ಣ."

ಸೊಸೆ ಮೊಣಕೈ ಊರಿ ತಲೆಯೆತ್ತಿದಳು. ತುಂಬ ಹೊತ್ತು ನೋಡಿದಳು. ಬುಗುರಿಯಮ್ಮ ಹೊದಿಕೆ ಸರಿಮಾಡಿದಳು, ಲೋಟ ಆಚೆಯಿಂದ ಈಚೆಗಿಟ್ಟಳು, ಮತ್ತೆ ಹೊದಿಕೆ ಸರಿಮಾಡಿದಳು.

"ಅತ್ತೆ, ಕೇಲ್‌ಗೆ ಬಣ್ಣ ನಡುವಿಂದ ಬರತ್ತೆ. ಇದು ಅಂಚಿಂದ ಬಂದಿದೆ."

"ಬೇರೆ ತಳಿ ಇರ್ಬೇಕು."

"ಇರುವೆ ಹತ್ತಿದೆ ಅತ್ತೆ."

ಇನ್ನು ಮುಚ್ಚಿಡುವಂತಿರಲಿಲ್ಲ. ಬೀಟ್‌ರೂಟು, ಮೈದಾ ಎಲ್ಲ ಹೊರಬಿತ್ತು. "ದಿನಾ ರಾತ್ರಿ ಒಲೆ ಪಕ್ಕದಲ್ಲಿಟ್ಟು ನೋಡ್ಕೊಂಡೆ ಕಣಮ್ಮ. ಒಂದು ದಿನಾನೂ ಚಳಿ ತಾಗಿಸ್ಲಿಲ್ಲ. ಆದ್ರೂ ಹಾಳಾದ್ದು ಹಸಿರೇ."

"ಒಲೆ ಪಕ್ಕದಲ್ಲಾ?" ಸೊಸೆ ದಿಂಬಿಗೆ ತಲೆ ಆನಿಸಿದಳು. "ಚಳಿ ಬಿದ್ರೇನೇ ಬಣ್ಣ ಬರೋದು ಅತ್ತೆ. ರಾತ್ರಿ ಹೊರಗಿರ್ಬೇಕು ಅವು."

ಆಮೇಲೆ ನಕ್ಕಳು. ಹೊಟ್ಟೆ ಅಲುಗಬಾರದೆಂದು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ತಿಂಗಳಿಂದ ಅವಳು ಹೆದರಿದ್ದ ಅಪಶಕುನ ಅತ್ತೆಯ ಕೆಲಸವಾಗಿತ್ತು.

ಅವತ್ತು ಸಂಜೆ ಪರದೆ ಎಳೆಯಲಿಲ್ಲ. ಎಲೆ ತೊಳೆದ ಕುಂಡಗಳು ಹೊರಗೇ ಉಳಿದವು, ಚಳಿ ಇಳಿಯತೊಡಗಿತು. ಬುಗುರಿಯಮ್ಮ ಬಾಗಿಲಿಗೆ ಹೋದಳು, ಬಂದಳು, ಮತ್ತೆ ಹೋದಳು. ಕೈ ತಾನಾಗಿ ಚಿಲಕದ ಮೇಲೆ ಹೋಯಿತು.

"ಬಿಡಿ ಅತ್ತೆ. ಇಲ್ಲಿ ಬಂದು ಕೂತ್ಕೊಳ್ಳಿ."

"ಕೂರೋಕಾಗಲ್ಲ ಕಣೇ ನನ್ನ ಕೈಲಿ." ಬುಗುರಿಯಮ್ಮ ಚಿಲಕ ಬಿಡಲಿಲ್ಲ. "ಹೋದ್ ಸಲ ಕೂತೇ ಇದ್ದೆ. ಪಕ್ಕದ ರೂಮಲ್ಲಿ, ಕುರ್ಚಿ ಮೇಲೆ. ಕಣ್ಣು ಹತ್ತಿಬಿಟ್ಟಿತ್ತು. ನೀನು ಎಷ್ಟು ಸಲ ಕರೆದ್ಯೋ, ನಂಗೆ ಕೇಳಿಸ್ಲೇ ಇಲ್ಲ."

ಒಂದು ವರ್ಷ ಹಿಡಿದಿಟ್ಟ ಮಾತು ಅದು. ಹೇಳಿಬಿಟ್ಟು ಚಿಲಕವನ್ನೇ ನೋಡುತ್ತ ನಿಂತಳು, ಇನ್ನು ಬೈಗುಳ ಬಂದರೂ ಬರಲಿ ಅಂತ.

"ನಾನು ಕರೀಲೇ ಇಲ್ಲ ಅತ್ತೆ," ಅಂದಳು ಸೊಸೆ. "ಹೊಟ್ಟೆ ನೋವು ಅಷ್ಟೇ, ಹೋಗತ್ತೆ ಅನ್ಕೊಂಡೆ. ನೀವು ಕೆಲಸದಿಂದ ಸುಸ್ತಾಗಿ ಬಂದಿದ್ರಿ. ಎಬ್ಬಿಸೋದು ಬೇಡ ಅಂತ ನಾನೇ ಸುಮ್ನಿದ್ದೆ."

ಬುಗುರಿಯಮ್ಮ ಚಿಲಕ ಬಿಟ್ಟಳು. ಮಂಚದ ಅಂಚಿಗೆ ಬಂದು, ಕೂರುವುದು ಹೇಗೆಂದು ಮರೆತವಳ ಹಾಗೆ ಮೆಲ್ಲಗೆ ಕೂತಳು. ಸೊಸೆ ಅವಳ ಕೈ ಹಿಡಿದುಕೊಂಡಳು.

"ಈ ಸಲ ಕರೀತೀನಿ," ಅಂದಳು.