ಬೀಗ ಹಾಕಿದ ಆರ್ಗನ್

ಮಗಳು ಸ್ಪೀಕರಿನ ವೈರನ್ನು ಗೋಡೆಯಿಂದ ಕಿತ್ತಳು. ರೆಕಾರ್ಡಿನ ಗೀತೆ ಅರ್ಧಕ್ಕೇ ನಿಂತಿತು. ಪೀಠದ ಮುಂದೆ, ತೆರೆದ ಶವಪೆಟ್ಟಿಗೆಯಲ್ಲಿ ಅವಳ ತಾಯಿ ಮಲಗಿದ್ದಳು. ಆ ಚರ್ಚಿನಲ್ಲಿ ಮೂವತ್ತೆಂಟು ವರ್ಷ ಆರ್ಗನ್ ನುಡಿಸಿ, ಕ್ವಾಯರ್ ಎಂಬ ಹಾಡುವ ತಂಡ ಕಟ್ಟಿದವಳು; ಎಲ್ಲರ ಬಾಯಲ್ಲೂ ಆರ್ಗನ್ ಟೀಚರ್.

ಚರ್ಚ್ ಕಮಿಟಿಯ ಕಾರ್ಯದರ್ಶಿ ಧಾವಿಸಿ ಬಂದರು. “ಏನಮ್ಮಾ, ಹೆಣದ ಮುಂದೆ ರಂಪ ಮಾಡ್ತೀಯಾ?”

“ನಮ್ಮಮ್ಮನ್ನ ಡಬ್ಬಿ ಹಾಡಲ್ಲಿ ಕಳಿಸಲ್ಲ ಸಾರ್. ಆರ್ಗನ್ ಬೀಗ ತೆಗೀರಿ.”

“ಎರಡು ವರ್ಷದ ಹಿಂದೆ ಅವರನ್ನ ಕೆಲಸದಿಂದ ಬಿಡಿಸಿದಾಗಲೇ ಅದನ್ನ ಮುಚ್ಚಿಯಾಯ್ತು. ಈಗೆಲ್ಲ ರೆಕಾರ್ಡೇ. ಕ್ವಾಯರೂ ಇಲ್ಲ.”

“ಇಲ್ಲ ಅಂದೋರ್ಯಾರು?” ಹಿಂದಿನ ಬೆಂಚಿನಿಂದ ದರ್ಜಿ ಎದ್ದ. ಅವನ ಜೊತೆಗೇ ನರ್ಸಮ್ಮ, ಬಸ್ ಕಂಡಕ್ಟರ್, ಇನ್ನೂ ಎಂಟು ಜನ ಎದ್ದರು. “ಬೀಗ ಹಾಕಿರೋದು ಆರ್ಗನ್ನಿಗೆ ಸಾರ್, ನಮ್ಮ ಗಂಟಲಿಗಲ್ಲ.”

*

ಟೀಚರ್ ಹುಟ್ಟಿದ್ದು ಅದೇ ಚರ್ಚಿನ ನೆಲ ಒರೆಸುವವಳ ಹೊಟ್ಟೆಯಲ್ಲಿ. ಹನ್ನೆರಡರ ವಯಸ್ಸಿನಲ್ಲಿ, ಅಮ್ಮನ ಹಿಂದೆ ಬಕೆಟ್ ಹಿಡಿದು ಹೋಗುತ್ತಿದ್ದವಳು ಆರ್ಗನ್ ನುಡಿಸುವ ಮುದುಕನನ್ನು ಕೇಳಿಯೇಬಿಟ್ಟಳು. “ನಂಗೂ ಕಲಿಸ್ತೀರಾ ತಾತ?”

“ನಿನ್ನ ಕಾಲು ಪೆಡಲಿಗೆ ಎಟುಕಲ್ಲ, ಹೋಗು.”

ಮಾರನೇ ದಿನ ಚಪ್ಪಲಿಯಡಿಗೆ ಮರದ ತುಂಡು ಕಟ್ಟಿಕೊಂಡು ಬಂದು ಕೂತಳು. “ಈಗ ಎಟುಕತ್ತೆ.”

ಮುದುಕ ನಗಲಿಲ್ಲ. ಆರು ತಿಂಗಳು ಎಡಗೈ ಒಂದರಲ್ಲೇ ನುಡಿಸಲು ಹಚ್ಚಿದ. ಅವಳು ಜಗ್ಗಲಿಲ್ಲ. ಹತ್ತು ವರ್ಷದ ಮೇಲೆ ಅವನ ಬೆರಳು ನಡುಗತೊಡಗಿದಾಗ ಆ ಕುರ್ಚಿ ಅವಳದಾಯಿತು.

ಕ್ವಾಯರಿಗೆ ಆರಿಸುವಾಗ ಕೊರಳನ್ನಷ್ಟೇ ಕೇಳಿದಳು, ಮನೆತನ ಕೇಳಲಿಲ್ಲ. “ಕಂಡಕಂಡವರನ್ನೆಲ್ಲ ಮುಂದೆ ನಿಲ್ಲಿಸ್ತೀಯಲ್ಲ” ಎಂದು ಆಗಿನ ಕಮಿಟಿ ತಗಾದೆ ತೆಗೆದಾಗ, ಅಷ್ಟೂ ಜನರನ್ನು ಹೊರಗಿನ ಮೆಟ್ಟಿಲ ಮೇಲೆ ನಿಲ್ಲಿಸಿ ಹಾಡಿಸಿದಳು. ನಾಲ್ಕು ಭಾನುವಾರ. ಐದನೆಯದಕ್ಕೆ ಒಳಗಿದ್ದವರೂ ಎದ್ದು ಬಂದು ಬಿಸಿಲಲ್ಲೇ ಕೂತರು. ಕಮಿಟಿ ಕ್ವಾಯರನ್ನು ಒಳಗೆ ಬಿಟ್ಟಿತು.

*

ದರ್ಜಿ ಗುನುಗಿ ಶ್ರುತಿ ಕೊಟ್ಟ. ಹನ್ನೊಂದು ಕೊರಳೂ ಒಟ್ಟಿಗೆ ಎದ್ದವು. ಎರಡನೆಯ ಚರಣದಲ್ಲಿ ನರ್ಸಮ್ಮನ ಮೇಲಿನ ಸ್ವರ ಜಾರಿತು. ಮಗಳು ಅದನ್ನು ಎತ್ತಿಕೊಂಡಳು. ಪಾದ್ರಿ ಪುಸ್ತಕ ಮುಚ್ಚಿದರು.

“ಸಾಕು, ನಿಲ್ಲಿಸಿ!” ಕಾರ್ಯದರ್ಶಿ ಕೂಗಿದ್ದು ಹಾಡಿನೊಳಗೆ ಮುಳುಗಿಹೋಯಿತು.

ಮುಂದಿನ ಸಾಲಿನಿಂದ ಅವರ ಹೆಂಡತಿ ಎದ್ದಳು. “ಸ್ವಲ್ಪ ಹಿಡ್ಕೊಳ್ರೀ” ಎಂದು ತನ್ನ ಕೈಚೀಲವನ್ನು ಗಂಡನ ಕೈಗೆ ತುರುಕಿ, ಹೋಗಿ ನರ್ಸಮ್ಮನ ಪಕ್ಕ ನಿಂತು ಬಾಯಿ ತೆರೆದಳು.

ಕೊನೆಯ ಚರಣ ಮುಗಿಯುವವರೆಗೂ ಕಾರ್ಯದರ್ಶಿ ಅಲ್ಲೇ ನಿಂತಿದ್ದರು, ಹೆಂಗಸಿನ ಕೈಚೀಲವನ್ನು ಎದೆಗವಚಿಕೊಂಡು.