ಬೈರಿ ಎಂಬ ಪದ

ಬಂದರಿನ ಕಾಳಿನ ಗೋದಾಮಿನಲ್ಲಿ ಪಾರಿವಾಳ ಓಡಿಸುವುದು ಅಕ್ಕನ ಕೆಲಸ. ನಿಜವಾಗಿ ಓಡಿಸುತ್ತಿದ್ದುದು ಅವಳ ಕೈಮೇಲಿನ ಬೈರಿ. ಆ ಗಿಡುಗವನ್ನು ಅವಳು ಬೇಸಿಗೆ ಹತ್ತಿರವಾಗುತ್ತಲೇ ಬಿಟ್ಟುಬಿಡುತ್ತಿದ್ದಳು. ಚಳಿಗಾಲಕ್ಕೆ ಅದು ತಾನಾಗಿಯೇ ಮರಳಿ ಅವಳ ಸಿಳ್ಳೆಗೆ ಇಳಿಯುತ್ತಿತ್ತು.

ಅಪ್ಪನಿಂದ ಬಂದ ಈ ಕಸುಬೆಂದರೆ ಅವಳ ತಮ್ಮ ಮೂಗು ಮುರಿಯುತ್ತಿದ್ದ. ನಿಘಂಟು ಬರೆಯುವ ದೊಡ್ಡ ಮನುಷ್ಯ, ಹಕ್ಕಿಯ ಹಿಕ್ಕೆ ಬಳಿಯುವ ಅಕ್ಕನ ಮನೆಗೆ ಯಾಕೆ ಬಂದಾನು? ಅಂಥವನು ಒಂದು ದಿನ ಬಂದು, "ಅಕ್ಕಾ, ಬೈರಿ ಅನ್ನೋ ಪದ ಎಲ್ಲಿಂದ ಬಂತು?" ಎಂದಾಗ ಅವಳಿಗೆ ಹಾಲು ಕುಡಿದಷ್ಟು ಸಂತೋಷ.

"ಹೊರಗಿಂದ ಬಂದ ಮಾತು ಕಣೋ. ಮೊದಲು ಬಹ್ರಿ ಅಂತಿದ್ರಂತೆ. ಬಹರ್ ಅಂದ್ರೆ ಸಮುದ್ರ. ಸಮುದ್ರದ ಕಡೆಯಿಂದ ಬರೋದು ಅಂತ ಅಪ್ಪ ಹೇಳ್ತಿದ್ರು."

"ಹೇಗೆ ನಂಬೋದು?"

"ಬಾ, ತೋರಿಸ್ತೀನಿ."

ಅವನನ್ನು ಹಳೆಯ ದೀಪಸ್ತಂಭದ ಮೇಲಕ್ಕೆ ಕರೆದೊಯ್ದು, ನೀರು ದಾಟಿ ಬಂದ ಬೈರಿ ಮೊದಲು ದಣಿವಾರಿಸಿಕೊಳ್ಳುವ ಕಲ್ಲಂಚು ತೋರಿಸಿದಳು. ಯಾರಿಗೂ ತೋರಿಸದ ಜಾಗ. ಕೇಳಿದನೆಂದು ಸಿಳ್ಳೆಯನ್ನೂ ಕಲಿಸಿದಳು. ಒಡಹುಟ್ಟಿದ ತಮ್ಮ ತಾನೇ!

ಆ ಚಳಿಗಾಲ ಬೈರಿ ಬರಲಿಲ್ಲ. ಗೋದಾಮಿನಲ್ಲಿ ಪಾರಿವಾಳಗಳದ್ದೇ ದರ್ಬಾರು. ಕಾದು ಕಾದು ಸಾಕಾಗಿ, ದುಃಖ ಹೇಳಿಕೊಳ್ಳಲು ತಮ್ಮನ ಮನೆಗೆ ಹೋದಳು. ಅಲ್ಲಿ ಜಗಲಿಯ ಮೇಲೆ, ಕಣ್ಣಿಗೆ ಟೊಪ್ಪಿಗೆ, ಕಾಲಿಗೆ ಬಾರು ಕಟ್ಟಿಸಿಕೊಂಡು ಬೈರಿ ಕೂತಿತ್ತು.

"ನಿಘಂಟು ಅಚ್ಚು ಹಾಕಿಸೋ ಧಣಿಗೆ ಇದೇ ಬೇಕಂತೆ ಅಕ್ಕ, ಸಾಯಂಕಾಲ ಒಯ್ತಾರೆ" ಎಂದ ತಮ್ಮ. "ಏನೂ ಕಷ್ಟ ಆಗ್ಲಿಲ್ಲ. ನಿನ್ನ ಹಾಗೇ ಸಿಳ್ಳೆ ಹಾಕ್ದೆ, ಕೈಮೇಲೆ ಬಂದು ಕೂತ್ಬಿಡ್ತು. ಪುಸ್ತಕದಲ್ಲಿ ನಿನ್ನ ಹೆಸರೂ ಹಾಕಿಸ್ತೀನಿ ಬಿಡು."

ಮೋಸ ಹೋದವಳು ತಾನೊಬ್ಬಳೇ ಆಗಿದ್ದರೆ ಅಕ್ಕ ಹೇಗೋ ನುಂಗಿಕೊಳ್ಳುತ್ತಿದ್ದಳು. ಹಕ್ಕಿ ಅವಳೇ ಕರೆದಳೆಂದು ನಂಬಿ ಬಂದಿತ್ತು. ಅವಳು ಬಾರು ಕೊಯ್ದು, ಅದನ್ನು ಕೈಮೇಲೆ ಹೊತ್ತು ಹೊರಟಳು.

"ಅಕ್ಕಾ, ನನ್ನ ಹೊಟ್ಟೆ ಮೇಲೆ ಹೊಡೀಬೇಡ ಕಣೇ!" ತಮ್ಮ ಬೀದಿಯವರೆಗೂ ಓಡಿಬಂದ. ಅವಳು ತಿರುಗಿ ನೋಡಲಿಲ್ಲ.

ಸಮುದ್ರದ ದಂಡೆಯಲ್ಲಿ ಟೊಪ್ಪಿಗೆ ತೆಗೆದು ಹಾರಿಬಿಟ್ಟಳು. ಆದರೆ ಬಿಟ್ಟರಷ್ಟೇ ಸಾಲದು. ನಾಳೆ ಇನ್ಯಾರದೋ ಸಿಳ್ಳೆಗೂ ಇಳಿದೀತು. ಸಿಳ್ಳೆ ಹಾಕಿ ಮಾಂಸದ ತುಣುಕು ಕೊಡದಿರುವುದು ಈ ಕಸುಬಿನಲ್ಲಿ ಮಾಡಲೇಬಾರದ ಕೆಲಸ, ಹಕ್ಕಿಯ ನಂಬಿಕೆ ಸತ್ತುಹೋಗುತ್ತದೆ. ಅಕ್ಕ ಸಿಳ್ಳೆ ಹಾಕಿದಳು. ಬೈರಿ ಇಳಿದು ಕೈಗವಸನ್ನು ಕುಕ್ಕಿ ನೋಡಿತು. ಏನೂ ಇರಲಿಲ್ಲ. ಕೈ ಕೊಡವಿ ಓಡಿಸಿದಳು. ಮತ್ತೆ ಕರೆದಳು, ಮತ್ತೆ ಬಂತು, ಮತ್ತೆ ಬರಿಗೈ. ಕಣ್ಣೀರು ಒರೆಸಿಕೊಳ್ಳುತ್ತ, ಗಂಟಲು ಒಣಗುವವರೆಗೂ ಕರೆಯುತ್ತಲೇ ಇದ್ದಳು. ಕೊನೆಗೊಮ್ಮೆ ಕರೆದಾಗ ಬೈರಿ ಅವಳತ್ತ ತಿರುಗಿಯೂ ನೋಡಲಿಲ್ಲ.